ಮತ್ತೊಮ್ಮೆ ‘ಮಾಯಾಬಜಾರ್’: ನಾಲ್ಕರಲ್ಲಿ ಯಾವುದನ್ನು ನೋಡಬೇಕು?

‘ಮಾಯಾಬಜಾರ್’ ಚಿತ್ರವನ್ನು ಮತ್ತೆ ನೋಡಬೇಕು, ಮನೆಯ ಮಕ್ಕಳಿಗೂ ತೋರಿಸಬೇಕು ಎಂದು ಕುಳಿತರೆ ಮೊದಲು ಎದುರಾಗುವುದು ಆಯ್ಕೆಯ ತೊಡಕು. ಹಿರಿಯರಿಗೆ ಕನ್ನಡದಲ್ಲಿ ಗುಡುಗುವ ಘಟೋತ್ಕಚನೇ ಬೇಕು, ಏಕೆಂದರೆ ಅವರ ಕಿವಿಯಲ್ಲಿ ಉಳಿದಿರುವುದು ‘ವಿವಾಹ ಭೋಜನವಿದು’. ತೆಲುಗು ಬಲ್ಲವರು ಮೂಲವನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಮಕ್ಕಳು ಕಪ್ಪು-ಬಿಳುಪು ಎಂದೊಡನೆ ಮುಖ ಸಿಂಡರಿಸಿ, ಬಣ್ಣದ್ದು ಇದೆಯಂತಲ್ಲ ಎನ್ನುತ್ತಾರೆ. ಇವೆಲ್ಲದರ ಜೊತೆಗೆ, ಬೇರೆ ತಾರಾಗಣವಿರುವ ತಮಿಳು ‘ಮಾಯಾಬಜಾರ್’ ಕೂಡ ಇದೆ. ಕಥೆ ಒಂದೇ, ನಿರ್ದೇಶಕರು ಒಬ್ಬರೇ, ಆದರೂ ಈ ನಾಲ್ಕರಲ್ಲಿ ಯಾವುದನ್ನು ಮೊದಲು ನೋಡುತ್ತೀರಿ ಎಂಬುದರ ಮೇಲೆ ಆ ಸಂಜೆಯ ಸಂತೋಷ ನಿಂತಿರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರು ತಮಗಾಗಿ ನೋಡುವುದಾದರೆ ಕತ್ತರಿ ಬೀಳದ, ಕಪ್ಪು-ಬಿಳುಪಿನ ತೆಲುಗು ಮೂಲವನ್ನೇ ನೋಡಬೇಕು. ಚಿಕ್ಕ ಮಕ್ಕಳು ಜೊತೆಗಿದ್ದರೆ ಕನ್ನಡಕ್ಕೆ ಡಬ್ ಆದದ್ದನ್ನು ಹಾಕಬೇಕು. ತಮಿಳಿನದು ಒಮ್ಮೆ ಚಿತ್ರವನ್ನು ಚೆನ್ನಾಗಿ ನೋಡಿ ಮುಗಿಸಿದವರಿಗೆ. ಬಣ್ಣದ್ದು ಕೊನೆಯ ಆಯ್ಕೆ. ಕಾರಣ ಸರಳವಾಗಿದೆ. ಇದು ಮಾಯೆ ಮಂತ್ರಗಳ ಚಿತ್ರ ಎಂದು ಹೆಸರಾಗಿದ್ದರೂ ಅದರ ಪ್ರಾಣ ಇರುವುದು ಹಾಸ್ಯದಲ್ಲಿ, ಹಾಸ್ಯದ ಪ್ರಾಣ ಇರುವುದು ಕಾಲದ ಲೆಕ್ಕಾಚಾರದಲ್ಲಿ. ಆ ಲೆಕ್ಕವನ್ನು ಕೆಡಿಸದ ಪ್ರತಿಯೇ ಒಳ್ಳೆಯ ಪ್ರತಿ.

ಮೊದಲು ಕಥೆಯ ಎಳೆ

ತೆಲುಗು ಬಾರದವರೂ ಮೂಲವನ್ನು ಧೈರ್ಯವಾಗಿ ನೋಡಬಹುದು. ಅದಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ಬಲರಾಮನ ಮಗಳು ಶಶಿರೇಖೆಯನ್ನು ಸುಭದ್ರೆಯ ಮಗ ಅಭಿಮನ್ಯುವಿಗೆ ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿರುತ್ತದೆ. ಪಾಂಡವರು ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಸುದ್ದಿ ಬಂದ ಮೇಲೆ ಬಲರಾಮನ ಹೆಂಡತಿ ರೇವತಿಯ ಮನಸ್ಸು ತಿರುಗುತ್ತದೆ. ಯಾದವರ ಬಲವನ್ನು ತಮ್ಮ ಕಡೆಗೆ ಕಟ್ಟಿಕೊಳ್ಳಬೇಕೆಂದು ಶಕುನಿ ಹೂಡಿದ ಉಪಾಯದಂತೆ, ದುರ್ಯೋಧನ ತನ್ನ ಮಗ ಲಕ್ಷ್ಮಣಕುಮಾರನಿಗೆ ಹೆಣ್ಣು ಕೇಳುತ್ತಾನೆ. ಬಲರಾಮ ಒಪ್ಪಿಬಿಡುತ್ತಾನೆ. ಎಲ್ಲವನ್ನೂ ಬಲ್ಲ ಕೃಷ್ಣ ಸುಭದ್ರೆಯನ್ನೂ ಅಭಿಮನ್ಯುವನ್ನೂ ಕಾಡಿನ ದಾರಿಯಲ್ಲಿ ಘಟೋತ್ಕಚನ ಆಶ್ರಮಕ್ಕೆ ಸೇರಿಸುತ್ತಾನೆ. ಅಲ್ಲಿಂದ ಮುಂದೆ ಚಿತ್ರ ಘಟೋತ್ಕಚನದು. ಅವನು ನಿದ್ದೆಯಲ್ಲಿರುವ ಶಶಿರೇಖೆಯನ್ನು ಮಂಚದ ಸಮೇತ ಆಕಾಶದಲ್ಲಿ ಒಯ್ಯುತ್ತಾನೆ, ತಾನೇ ಶಶಿರೇಖೆಯ ರೂಪ ತಾಳಿ ಮದುವೆಯ ಹೆಣ್ಣಾಗಿ ಕೂರುತ್ತಾನೆ, ಬೀಗರಿಗೆಂದು ಮಾಯೆಯ ಊರನ್ನೇ ಕಟ್ಟಿಸುತ್ತಾನೆ.

ಇದು ವ್ಯಾಸಭಾರತದಲ್ಲಿಲ್ಲದ ಜನಪದ ಕಥೆ. ತೆಲುಗು ರಂಗಭೂಮಿಯಲ್ಲಿ ‘ಶಶಿರೇಖಾ ಪರಿಣಯಂ’ ಎಂದು ಪ್ರಸಿದ್ಧವಾಗಿತ್ತು. 1936ರಲ್ಲಿ ಪಿ. ವಿ. ದಾಸ್ ಇದನ್ನು ತೆಲುಗಿನಲ್ಲಿ ಚಿತ್ರ ಮಾಡಿದ್ದರು. ಅದಕ್ಕೂ ಮೊದಲು ಮೂಕಿಚಿತ್ರಗಳ ಕಾಲದಲ್ಲಿ ಬಾಬೂರಾವ್ ಪೇಂಟರ್ ‘ವತ್ಸಲಾ ಹರಣ’ ಮಾಡಿದ್ದರು. ಹೀಗೆ ಎಲ್ಲರಿಗೂ ಗೊತ್ತಿದ್ದ ಕಥೆಯನ್ನು ಕೈಗೆತ್ತಿಕೊಂಡು ಕೆ. ವಿ. ರೆಡ್ಡಿ 1957ರಲ್ಲಿ ಮಾಡಿದ್ದು ಮಹಾಭಾರತದ ಚಿತ್ರವೇ ಆದರೂ ಅದರಲ್ಲಿ ಪಂಚಪಾಂಡವರಲ್ಲಿ ಒಬ್ಬರೂ ತೆರೆಯ ಮೇಲೆ ಬರುವುದಿಲ್ಲ. ಮಕ್ಕಳೊಂದಿಗೆ ನೋಡುವಾಗ ಈ ಸಂಗತಿಯನ್ನು ಕೊನೆಯವರೆಗೆ ಹೇಳದೆ ಇಟ್ಟುಕೊಳ್ಳಿ. ಚಿತ್ರ ಮುಗಿದ ಮೇಲೆ, ಭೀಮ ಎಲ್ಲಿ ಬಂದ ಹೇಳು ಎಂದು ಕೇಳಿ. ಅವರು ಯೋಚನೆಗೆ ಬೀಳುತ್ತಾರೆ.

ತೆಲುಗು ಮೂಲ

1957ರ ಮಾರ್ಚ್ 27ರಂದು ತೆರೆಕಂಡ ಚಿತ್ರ ಇದು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಪ್ರೊಡಕ್ಷನ್ಸ್ ಮದ್ರಾಸಿನಲ್ಲಿ ನಿರ್ಮಿಸಿದ್ದು. ಕೃಷ್ಣನಾಗಿ ಎನ್. ಟಿ. ರಾಮರಾವ್, ಅಭಿಮನ್ಯುವಾಗಿ ಅಕ್ಕಿನೇನಿ ನಾಗೇಶ್ವರರಾವ್, ಶಶಿರೇಖೆಯಾಗಿ ಸಾವಿತ್ರಿ, ಘಟೋತ್ಕಚನಾಗಿ ಎಸ್. ವಿ. ರಂಗರಾವ್. ಲಕ್ಷ್ಮಣಕುಮಾರನ ಪಾತ್ರದಲ್ಲಿ ರೇಲಂಗಿ, ಶಕುನಿಯಾಗಿ ಸಿ. ಎಸ್. ಆರ್. ಆಂಜನೇಯುಲು, ಬಲರಾಮನಾಗಿ ಗುಮ್ಮಡಿ. ಕೃಷ್ಣನ ಪಕ್ಕದಲ್ಲಿ ರುಕ್ಮಿಣಿಯಾಗಿ ನಿಂತವರು ಸಂಧ್ಯಾ, ಜಯಲಲಿತಾ ಅವರ ತಾಯಿ.

ಕೆ. ವಿ. ರೆಡ್ಡಿಯವರ ಕೆಲಸದ ರೀತಿಯೇ ಈ ಪ್ರತಿಯನ್ನು ಮೊದಲ ಸ್ಥಾನಕ್ಕೆ ಏರಿಸುತ್ತದೆ. ಅವರು ನಟರಿಂದ ಅಭ್ಯಾಸ ಮಾಡಿಸುವಾಗ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದಿರುತ್ತಿದ್ದರು. ಒಂದೊಂದು ದೃಶ್ಯ, ಒಂದೊಂದು ಹಾಡು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು, ಚಿತ್ರದ ಉದ್ದವನ್ನು ಮೊದಲೇ ನಿಶ್ಚಯಿಸಿಕೊಂಡು ಕ್ಯಾಮೆರಾ ಮುಂದೆ ಹೋಗುತ್ತಿದ್ದರು. ಮೂರು ಗಂಟೆಗೂ ಮೀರಿದ ಚಿತ್ರ ಇಂದಿಗೂ ಭಾರವೆನಿಸದಿರುವುದು ಈ ಶಿಸ್ತಿನಿಂದಲೇ. ದ್ವಾರಕೆಗೆ ನುಗ್ಗಲು ಬಂದ ಘಟೋತ್ಕಚನನ್ನು ಮುದುಕನ ವೇಷದಲ್ಲಿ ಕೃಷ್ಣ ತಡೆಯುವ ದೃಶ್ಯವನ್ನೇ ನೋಡಿ. ಅಷ್ಟು ದೊಡ್ಡ ರಕ್ಕಸ ಒಬ್ಬ ಬಡಕಲು ಮುದುಕನ ಎದುರು ಏಗಲಾರದೆ ನಿಲ್ಲುತ್ತಾನೆ. ರಂಗರಾವ್ ಮುಖದಲ್ಲಿ ಸಿಟ್ಟು, ಗೊಂದಲ, ಕೊನೆಗೆ ಅರಿವು ಬರುವ ಕ್ರಮವನ್ನು ಗಮನಿಸಿ. ಯಾವುದೂ ಅರೆಕ್ಷಣ ಮೊದಲು ಬರುವುದಿಲ್ಲ, ತಡವೂ ಆಗುವುದಿಲ್ಲ.

ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ಭಾಗ ಸಾವಿತ್ರಿಯವರು ಮಾಯಾ ಶಶಿರೇಖೆಯಾದ ಮೇಲಿನದು. ಬಾಲ್ಯದಲ್ಲಿ ನೋಡಿದವರಿಗೆ ನೆನಪಿರುವುದು ಲಡ್ಡುಗಳು ತಾವಾಗಿಯೇ ಹಾರಿ ಘಟೋತ್ಕಚನ ಬಾಯಿಗೆ ಬೀಳುವ ಊಟದ ದೃಶ್ಯ. ದೊಡ್ಡವರಾಗಿ ನೋಡಿದಾಗ ಕಣ್ಣು ಹೋಗುವುದು ಸಾವಿತ್ರಿಯವರ ಕಡೆಗೆ. ಅವರು ಅಭಿನಯಿಸಬೇಕಾದದ್ದು ಒಬ್ಬ ಹುಡುಗಿಯನ್ನಲ್ಲ. ಹುಡುಗಿಯ ವೇಷದಲ್ಲಿರುವ ಒಬ್ಬ ರಾಕ್ಷಸನನ್ನು, ಅದರಲ್ಲೂ ರಂಗರಾವ್ ಈಗಾಗಲೇ ನಮ್ಮ ಕಣ್ಣಲ್ಲಿ ನಿಲ್ಲಿಸಿರುವ ಆ ಒಬ್ಬ ನಿರ್ದಿಷ್ಟ ರಾಕ್ಷಸನನ್ನು. ಹಿರಿಯರ ಎದುರು ಕತ್ತು ಬಗ್ಗಿಸಿದ ವಧು ಅವರ ಕಣ್ಣು ತಪ್ಪಿದೊಡನೆ ಬೇರೆಯಾಗುತ್ತಾಳೆ. ಭುಜ ಅಗಲವಾಗುತ್ತದೆ, ಹೆಜ್ಜೆಗೆ ತೂಕ ಬರುತ್ತದೆ, ನಗುವಿನಲ್ಲಿ ಆಶ್ರಮದ ಒಡೆಯನ ಠೀವಿ ಇಣುಕುತ್ತದೆ. ಪಿ. ಸುಶೀಲಾ ಹಾಡಿದ ‘ಆಹಾ ನಾ ಪೆಳ್ಳಿಯಂಟ’ ಹಾಡಿನಲ್ಲಿ ಮೈಮರೆತ ಹೆಣ್ಣಿನ ಕಂಠದಿಂದ ಇದ್ದಕ್ಕಿದ್ದಂತೆ ಘಂಟಸಾಲರ ಗಂಡುದನಿ ಹೊರಬೀಳುತ್ತದೆ. ತಕ್ಷಣ ಎಚ್ಚೆತ್ತು ಮತ್ತೆ ನಾಜೂಕಿನ ಹುಡುಗಿಯಾಗುವ ಆ ತಿರುವನ್ನು ಸಾವಿತ್ರಿ ಕಣ್ಣಲ್ಲೇ ಮಾಡಿ ಮುಗಿಸುತ್ತಾರೆ. ಮದುವೆಯ ಮಂಟಪದಲ್ಲಿ ವರನ ಕಾಲನ್ನು ತುಳಿದು ಅವನು ಒದ್ದಾಡುವಾಗ, ಮುಖದಲ್ಲಿ ಮಾತ್ರ ಏನೂ ತಿಳಿಯದ ನಾಚಿಕೆ. ಮೇಲಿಂದ ವಧು, ಕೆಳಗಿಂದ ರಕ್ಕಸ. ಇದನ್ನು ನೋಡಲೆಂದೇ ಚಿತ್ರವನ್ನು ಮತ್ತೆ ಹಾಕಬಹುದು.

ಇನ್ನು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ. ‘ಲಾಹಿರಿ ಲಾಹಿರಿ’ ಹಾಡಿನಲ್ಲಿ ನೀರಿನ ಮೇಲೆ ತೂಗುವ ದೋಣಿ, ಅದರ ಸುತ್ತ ಬೆಳದಿಂಗಳು. ಅದು ಬಾರ್ಟ್ಲಿ ತಮ್ಮ ಜಾಣ್ಮೆಯಿಂದ ಸೃಷ್ಟಿಸಿದ ಬೆಳದಿಂಗಳು. ಬಿಳುಪು ಎಲ್ಲಿ ನಿಲ್ಲಬೇಕು, ನೆರಳು ಎಲ್ಲಿಂದ ಶುರುವಾಗಬೇಕು ಎಂಬ ತೀರ್ಮಾನವೆಲ್ಲ ಕಪ್ಪು-ಬಿಳುಪಿನ ಫಿಲ್ಮ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದೇ ಹಾಡಿನಲ್ಲಿ ಎಳೆಯರ ಪ್ರಣಯದ ಜೊತೆಗೆ ಕೃಷ್ಣ-ರುಕ್ಮಿಣಿ, ಬಲರಾಮ-ರೇವತಿಯರೂ ವಿಹಾರಕ್ಕೆ ಬರುತ್ತಾರೆ. ಒಂದು ಮನೆಯ ಎರಡು ತಲೆಮಾರು ಒಂದೇ ರಾಗದಲ್ಲಿ ತೇಲುವ ಇಂಥ ದೃಶ್ಯವನ್ನು ನಮ್ಮ ಪೌರಾಣಿಕ ಚಿತ್ರಗಳಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಈ ಚಿತ್ರದ ಕೆಲವು ಹಾಡುಗಳಿಗೆ ರಾಗ ಹಾಕಿ ಎಸ್. ರಾಜೇಶ್ವರರಾವ್ ಹೊರನಡೆದರು. ಉಳಿದ ಕೆಲಸವನ್ನು ಘಂಟಸಾಲ ಪೂರೈಸಿದರು. ಎರಡು ಕೈಗಳ ಸಂಗೀತ ಎಂಬುದು ಕೇಳುವವರಿಗೆ ಹೊಳೆಯುವುದೇ ಇಲ್ಲ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಪಿಂಗಳಿ ನಾಗೇಂದ್ರರಾವ್ ಬರೆದ ಸಂಭಾಷಣೆಯ ಅರ್ಧ ಸ್ವಾರಸ್ಯ ಅವರು ಅಲ್ಲಲ್ಲೇ ಹುಟ್ಟಿಸುವ ಹೊಸ ಮಾತುಗಳಲ್ಲಿದೆ. ಮಾತು ಹುಟ್ಟಿಸಿದ ಶಿಷ್ಯನಿಗೆ ಘಟೋತ್ಕಚ ಹಾರ ಹಾಕಿಸಿ ಗೌರವಿಸುವ ದೃಶ್ಯವಂತೂ ತೆಲುಗರ ಮನೆಮಾತು. ತೆಲುಗು ತಿಳಿಯದವರಿಗೆ ಇದರಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಆದರೆ ಕೋಲಾರ, ಬಳ್ಳಾರಿ, ರಾಯಚೂರು, ಬೆಂಗಳೂರಿನ ಕಡೆ ತೆಲುಗು ಕಿವಿಗೆ ಬಿದ್ದು ಬೆಳೆದವರಿಗೆ ಈ ತೊಂದರೆ ಇಲ್ಲ. ಹಸ್ತಿನಾಪುರದಿಂದ ಬಂದ ಶರ್ಮ-ಶಾಸ್ತ್ರಿಗಳೆಂಬ ಪುರೋಹಿತರು ಮದುವೆಯ ಅಡುಗೆಯಲ್ಲಿ ಗೋಂಗೂರ ಇರಲೇಬೇಕೆಂದು ಪಟ್ಟು ಹಿಡಿಯುವುದನ್ನು ನೋಡಿದರೆ ನಮ್ಮ ಉತ್ತರ ಕರ್ನಾಟಕದವರಿಗೆ ಖುಷಿಯಾಗಬೇಕು. ಅದು ನಮ್ಮ ಪುಂಡಿ ಪಲ್ಯವೇ.

ಕನ್ನಡದಲ್ಲಿ ಗುಡುಗುವ ಘಟೋತ್ಕಚ

ಕನ್ನಡಿಗರ ಮಟ್ಟಿಗೆ ‘ಮಾಯಾಬಜಾರ್’ ಎಂದರೆ ಬಹುಪಾಲು ಇದೇ. ತೆಲುಗಿನಿಂದ ಡಬ್ ಆದ ಚಿತ್ರ ಎಂಬುದನ್ನು ಮರೆಸುವಷ್ಟು ಇದು ನಮ್ಮದಾಗಿದೆ. 1960ರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಚಿತ್ರಗಳನ್ನು ಡಬ್ ಮಾಡುವುದು ದಶಕಗಳ ಕಾಲ ನಿಂತೇಹೋಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಮತ್ತೆ ದಾರಿ ತೆರೆಯಿತು. ನಡುವಿನ ಅಷ್ಟು ವರ್ಷ ಕನ್ನಡದ ಮಾತಾಡುವ ಈ ಪೌರಾಣಿಕ ಚಿತ್ರ ಒಂಟಿಯಾಗಿಯೇ ಜನರ ಬಾಯಲ್ಲಿ ಉಳಿಯಿತು. ಮದುವೆಯ ಊಟದ ಪಂಕ್ತಿಯನ್ನು ಚಿತ್ರೀಕರಿಸಿದ ವಿಡಿಯೊಗಳಿಗೆ ‘ವಿವಾಹ ಭೋಜನವಿದು’ ಹಿನ್ನೆಲೆಯಾಗಿ ಬರುತ್ತದೆ. ಹುಡುಗಿಯರನ್ನು ಛೇಡಿಸಲು ಅಕ್ಕಂದಿರು ಹಾಡುವುದು ‘ಆಹಾ ನನ್ನ ಮದುವೆಯಂತೆ’. ಚಿತ್ರವನ್ನೇ ನೋಡದವರಿಗೂ ಈ ಎರಡು ಹಾಡುಗಳು ಗೊತ್ತು.

ಇದರ ದೊಡ್ಡ ಗುಣ ಮಕ್ಕಳಿಗೆ ಸಲ್ಲುವುದು. ಓದಲು ಬಾರದ ವಯಸ್ಸಿನ ಮಗು ಸಬ್‌ಟೈಟಲ್ ನೋಡುವುದಿಲ್ಲ. ಪ್ರತಿ ಮಾತಿಗೂ ಅರ್ಥ ಹೇಳುತ್ತಾ ಕುಳಿತರೆ ನಗು ಮುಗಿದ ಮೇಲೆ ಕಾರಣ ತಿಳಿಯುತ್ತದೆ. ಕನ್ನಡದಲ್ಲಿ ಹಾಕಿದರೆ ಆ ಅಡ್ಡಿ ಇಲ್ಲ. ಕೃಷ್ಣನಿಗೆ ಕಾಣಿಕೆಯಾಗಿ ಬರುವ ‘ಪ್ರಿಯದರ್ಶಿನಿ’ ಪೆಟ್ಟಿಗೆಯ ಪ್ರಸಂಗ ಮಕ್ಕಳ ಮುಂದೆ ಚೆನ್ನಾಗಿ ಒದಗುತ್ತದೆ. ಅದನ್ನು ತೆರೆದು ನೋಡಿದವರಿಗೆ ತಮಗೆ ಪ್ರಿಯವಾದದ್ದು ಕಾಣುತ್ತದೆ. ಶಶಿರೇಖೆಗೆ ದೂರದಲ್ಲಿರುವ ಅಭಿಮನ್ಯು ಕಾಣುತ್ತಾನೆ, ಇಬ್ಬರೂ ಅದರ ಮೂಲಕವೇ ಹಾಡುತ್ತಾರೆ. ಬಲರಾಮನಿಗೆ ಶಿಷ್ಯ ದುರ್ಯೋಧನ, ರೇವತಿಗೆ ಒಡವೆಗಳು. ಕೃಷ್ಣ ನೋಡಿದರೆ ಶಕುನಿ! ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುವುದನ್ನು ಹುಟ್ಟಿನಿಂದ ಕಂಡ ಮಕ್ಕಳಿಗೆ ಮೊದಲ ಭಾಗ ಸುಲಭವಾಗಿ ಹಿಡಿಸುತ್ತದೆ. ಕೃಷ್ಣನಿಗೆ ಶಕುನಿ ಯಾಕೆ ಕಾಣುತ್ತಾನೆ ಎಂಬ ಪ್ರಶ್ನೆ ಮಾತ್ರ ಅವರನ್ನು ಕಾಡುತ್ತದೆ. ಉತ್ತರವನ್ನು ನೀವು ಕೊಡಬೇಡಿ. ಕೊನೆಯಲ್ಲಿ ಸತ್ಯಪೀಠದ ಮೇಲೆ ನಿಂತ ಶಕುನಿ ತನ್ನೆಲ್ಲ ಒಳಗುಟ್ಟುಗಳನ್ನು ತಾನೇ ಒದರಿಬಿಡುವವರೆಗೆ ಕಾಯಿರಿ.

ಕೊರತೆಗಳೂ ಇವೆ. ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವ ಕಡೆ ದೊಡ್ಡವರಿಗೆ ಕಿರಿಕಿರಿಯಾಗುತ್ತದೆ, ಡಬ್ ಆದ ಕಾರ್ಟೂನ್ ನೋಡಿ ಅಭ್ಯಾಸವಿರುವ ಮಕ್ಕಳಿಗೆ ಆಗುವುದಿಲ್ಲ. ನಟರ ಸ್ವಂತ ದನಿ ಕಳೆದುಹೋಗುವುದು ಇನ್ನೂ ದೊಡ್ಡ ನಷ್ಟ. ರಂಗರಾವ್ ಅವರ ಕಂಠದಲ್ಲಿರುವ ಗತ್ತು ಅವರ ದೇಹದಿಂದ ಬೇರೆಯಲ್ಲ. ಅದಕ್ಕೇ ನಾನು ಹೇಳುವುದು, ಬಾಲ್ಯದ ನೆನಪಿಗಾಗಿ ಕನ್ನಡದ್ದನ್ನು ನೋಡಿ, ನಟನೆಗಾಗಿ ತೆಲುಗಿನದನ್ನು ನೋಡಿ. ಅಂತರ್ಜಾಲದಲ್ಲಿ ಹುಡುಕುವಾಗ ಮೊದಲು ಅವಧಿಯ ಕಡೆ ಕಣ್ಣು ಹಾಯಿಸಿ. ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಪ್ರತಿ ಸಿಕ್ಕಿದರೆ ಅದನ್ನು ಬಿಟ್ಟು ಇನ್ನೊಂದನ್ನು ಹುಡುಕುವುದು ಒಳ್ಳೆಯದು. ಹಾಡುಗಳನ್ನೋ ಪುರೋಹಿತರ ಹಾಸ್ಯವನ್ನೋ ಹಾರಿಸಿರುತ್ತಾರೆ. ಉರುಳುರುಳಿ ಸುತ್ತಿಕೊಳ್ಳುವ ಕಂಬಳಿ, ಮಲಗಿದವರನ್ನು ಕೆಡವುವ ಮಂಚ ಇಲ್ಲದ ಮಾಯಾಬಜಾರ್ ಮಕ್ಕಳಿಗೆ ತೋರಿಸುವುದು ನ್ಯಾಯವಲ್ಲ.

ಬಣ್ಣ ಬಳಿದದ್ದು

ಹೈದರಾಬಾದಿನ ಗೋಲ್ಡ್‌ಸ್ಟೋನ್ ಟೆಕ್ನಾಲಜೀಸ್ ಸಂಸ್ಥೆ ತೆಲುಗು ಚಿತ್ರಕ್ಕೆ ಬಣ್ಣ ಹಾಕಿ 2010ರ ಜನವರಿ 30ರಂದು ಬಿಡುಗಡೆ ಮಾಡಿತು. ಹಳೆಯ ಧ್ವನಿಯನ್ನು ಈ ಕಾಲದ ಚಿತ್ರಮಂದಿರಗಳಿಗೆ ತಕ್ಕಂತೆ ಹೊಸದಾಗಿ ಹೊಂದಿಸಿತು. ಆ ಶ್ರಮವನ್ನು ಹಗುರವಾಗಿ ಕಾಣುವವನು ನಾನಲ್ಲ. ಒಂದೊಂದು ಚೌಕಟ್ಟಿನಲ್ಲೂ ಸೀರೆ, ಕಿರೀಟ, ಕಂಬ, ಪರದೆ ಎಂದು ಬಿಡಿಬಿಡಿಯಾಗಿ ಬಣ್ಣ ತುಂಬುವುದು ಸಾಮಾನ್ಯ ಕೆಲಸವಲ್ಲ. ಕಪ್ಪು-ಬಿಳುಪೆಂದರೆ ಮೂಗು ಮುರಿಯುವ ಎಷ್ಟೋ ಯುವಕರು ಈ ನೆಪದಲ್ಲಿ ಸಾವಿತ್ರಿಯವರನ್ನು ಮೊದಲ ಬಾರಿ ನೋಡಿದರು. ಅಷ್ಟು ಉಪಕಾರ ಅದರಿಂದ ಆಗಿದೆ.

ಆದರೂ ಅದನ್ನು ಕೊನೆಗೆ ಇಟ್ಟಿದ್ದೇನೆ. ಮೊದಲನೆಯದು ಉದ್ದದ ಪ್ರಶ್ನೆ. ಬಣ್ಣದ ಪ್ರತಿ ಮೂಲಕ್ಕಿಂತ ಚಿಕ್ಕದು. ಸ್ಟಾಪ್‌ವಾಚ್ ಹಿಡಿದು ಕಟ್ಟಿದ ಚಿತ್ರದಿಂದ ನಿಮಿಷಗಳನ್ನು ತೆಗೆದರೆ ಕಥೆ ತುಂಡಾಗದಿದ್ದರೂ ಉಸಿರು ತುಂಡಾಗುತ್ತದೆ. ಎರಡನೆಯದು ಚೌಕಟ್ಟಿನ ಪ್ರಶ್ನೆ, ಇದರ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. 1957ರ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಅದನ್ನು ಇಂದಿನ ಅಗಲ ಪರದೆಗೆ ಹೊಂದಿಸಬೇಕಾದರೆ ಮೇಲಿಂದಲೋ ಕೆಳಗಿಂದಲೋ ಕತ್ತರಿಸಲೇಬೇಕು. ಊಟದ ದೃಶ್ಯದಲ್ಲಿ ಘಟೋತ್ಕಚ ದೇಹ ಹಿಗ್ಗಿಸಿಕೊಂಡು ಕೂರುತ್ತಾನೆ. ಅವನ ಕಿರೀಟದ ಮೇಲೆ ಎಷ್ಟು ಜಾಗವಿದೆ, ಕೆಳಗೆ ಎಷ್ಟು ತಟ್ಟೆಗಳು ಹರಡಿವೆ ಎಂಬುದರಿಂದಲೇ ಅವನ ಗಾತ್ರ ನಮಗೆ ತಿಳಿಯುವುದು. ಅಲ್ಲಿ ಎತ್ತರವನ್ನು ಕಡಿಮೆ ಮಾಡಿದರೆ ರಕ್ಕಸನೇ ಕುಗ್ಗುತ್ತಾನೆ. ಮೂರನೆಯದು ಬಾರ್ಟ್ಲಿಯವರ ಬೆಳಕು. ನೆರಳಿಗೂ ಬಣ್ಣ ಬಂದ ಮೇಲೆ ಆ ದೋಣಿಯ ಹಾಡಿನ ಬೆಳದಿಂಗಳು ನನಗೆ ಸಿಗುವುದಿಲ್ಲ. ಮಾಯೆಯ ಚಿತ್ರಕ್ಕೆ ಕಪ್ಪು-ಬಿಳುಪು ಒಂದು ವರವೂ ಆಗಿತ್ತು. ಮಂಚ ಹಾರುವಾಗ, ರೂಪ ಬದಲಾಗುವಾಗ ತಂತ್ರದ ಅಂಚುಗಳು ಬೂದುಬಣ್ಣದಲ್ಲಿ ಕರಗಿಹೋಗುತ್ತಿದ್ದವು. ಬಣ್ಣ ಆ ಅಂಚುಗಳನ್ನು ಎತ್ತಿ ತೋರಿಸುತ್ತದೆ.

ಹದಿಹರೆಯದವರು ಕಪ್ಪು-ಬಿಳುಪನ್ನು ಮುಟ್ಟುವುದೇ ಇಲ್ಲವೆಂದು ಹಟ ಹಿಡಿದರೆ ಬಣ್ಣದ ಪ್ರತಿಯಲ್ಲಿ ಮಾಯಾ ಶಶಿರೇಖೆಯ ಹಾಡನ್ನಷ್ಟೇ ತೋರಿಸಿ. ಅವರಿಗೆ ಹಿಡಿಸಿತೆಂದರೆ ಪೂರ್ತಿ ಚಿತ್ರವನ್ನು ಮೂಲದಲ್ಲೇ ಹಾಕಿ.

ತಮಿಳಿನದು

ತಮಿಳು ‘ಮಾಯಾಬಜಾರ್’ ಡಬ್ ಆದದ್ದಲ್ಲ. ತೆಲುಗಿನ ಜೊತೆಜೊತೆಗೇ ಚಿತ್ರಿಸಿ, ಅದೇ 1957ರ ಏಪ್ರಿಲ್ 12ರಂದು ಬಿಡುಗಡೆ ಮಾಡಿದ ಪ್ರತ್ಯೇಕ ಚಿತ್ರ. ರಾಮರಾವ್, ಸಾವಿತ್ರಿ, ರಂಗರಾವ್ ಇಲ್ಲಿಯೂ ಇದ್ದಾರೆ. ಅಭಿಮನ್ಯುವಾಗಿ ಜೆಮಿನಿ ಗಣೇಶನ್, ಲಕ್ಷ್ಮಣಕುಮಾರನಾಗಿ ಕೆ. ಎ. ತಂಗವೇಲು, ಶಕುನಿಯಾಗಿ ಎಂ. ಎನ್. ನಂಬಿಯಾರ್. ನಾಯಕಿಯ ಹೆಸರು ವತ್ಸಲಾ.

ಹೋಲಿಸಿ ನೋಡುವ ಅಭಿರುಚಿ ಇರುವವರಿಗೆ ಇದು ಹಬ್ಬ. ಸಾವಿತ್ರಿಯವರೂ ಜೆಮಿನಿ ಗಣೇಶನ್ ಅವರೂ ನಿಜಜೀವನದಲ್ಲೂ ದಂಪತಿಗಳು. ಪ್ರಣಯದ ದೃಶ್ಯಗಳಲ್ಲಿ ಒಂದು ಸಲುಗೆ ತಾನಾಗಿ ಬಂದುಬಿಟ್ಟಿದೆ. ನಾಗೇಶ್ವರರಾವ್ ಅವರ ಅಭಿಮನ್ಯು ಹೆಚ್ಚು ಹುಡುಗಾಟದವನು, ಗಣೇಶನ್ ಅವರವನು ಹೆಚ್ಚು ಮೃದು. ಲಕ್ಷ್ಮಣಕುಮಾರನ ವಿಷಯದಲ್ಲಿ ನನ್ನ ಒಲವು ರೇಲಂಗಿಯವರ ಕಡೆಗೆ. ಜಂಬ ಮತ್ತು ಪುಕ್ಕಲುತನ ಒಂದೇ ಮುಖದಲ್ಲಿ ಪಕ್ಕಪಕ್ಕದಲ್ಲಿ ಕೂರುವುದು ಅವರಲ್ಲಿ ಮಾತ್ರ. ನಂಬಿಯಾರ್ ಅವರ ಶಕುನಿಗೆ ವಿಷ ಜಾಸ್ತಿ. ಆಂಜನೇಯುಲು ಅವರ ಶಕುನಿ ನಯವಾಗಿ ನಗುತ್ತಲೇ ಕೆಡಿಸುವವನು, ಹಾಸ್ಯಚಿತ್ರಕ್ಕೆ ಅವನೇ ಸರಿ. ಊಟದ ಹಾಡು ತಮಿಳಿನಲ್ಲಿ ತಿರುಚ್ಚಿ ಲೋಗನಾಥನ್ ಅವರ ಕಂಠದಲ್ಲಿದೆ, ತೆಲುಗಿನಲ್ಲಿ ಮಾಧವಪೆದ್ದಿ ಸತ್ಯಂ ಅವರದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಂದೇ ಹಸಿವನ್ನು ಇಬ್ಬರು ಬೇರೆಬೇರೆಯಾಗಿ ಹಾಡಿರುವುದು ತಿಳಿಯುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತಮಿಳು ಹಾಡುಗಳೇ ಮೊದಲು ಕೇಳಿದವು. ಅಂಥವರು ಇದರಿಂದಲೇ ಶುರು ಮಾಡಿದರೂ ತಪ್ಪಿಲ್ಲ.

ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ

ಅಜ್ಜ-ಅಜ್ಜಿಯರ ಜೊತೆ ನೋಡುವುದಾದರೆ ಅವರು ಮೊದಲು ನೋಡಿದ ಭಾಷೆಯಲ್ಲೇ ಹಾಕಿ. ಮುಂದಿನ ಸಂಭಾಷಣೆಯನ್ನು ಅವರು ನಟರಿಗಿಂತ ಮೊದಲೇ ಹೇಳುತ್ತಾರೆ, ಅದನ್ನು ತಡೆಯಬೇಡಿ. ಆರೇಳು ವರ್ಷದ ಮಕ್ಕಳನ್ನು ಮೂರು ಗಂಟೆ ಒಂದೇ ಕಡೆ ಕೂರಿಸುವುದು ಕಷ್ಟ. ರಂಗರಾವ್ ತೆರೆಗೆ ಬರಲು ಬಹಳ ಹೊತ್ತು ಕಾಯಬೇಕು, ಅಷ್ಟರಲ್ಲಿ ಅವರು ಎದ್ದು ಹೋಗುತ್ತಾರೆ. ಎರಡು ಸಂಜೆಗಳಿಗೆ ಹಂಚಿಕೊಳ್ಳಿ. ಮೊದಲ ಸಂಜೆಯನ್ನು ಘಟೋತ್ಕಚನ ಪ್ರವೇಶವಾದ ಮೇಲೆಯೇ ನಿಲ್ಲಿಸಿ. ಅವನು ಯಾರೆಂದು ತಿಳಿಯದೆ ಅಭಿಮನ್ಯುವಿನ ಮೇಲೆ ಬಿದ್ದು, ಆಮೇಲೆ ತಮ್ಮನೆಂದು ಅರಿತು ಅಪ್ಪಿಕೊಳ್ಳುವಲ್ಲಿಗೆ ನಿಲ್ಲಿಸಿದರೆ ಮರುದಿನ ಮಕ್ಕಳೇ ನೆನಪಿಸುತ್ತಾರೆ. ಭಯದ ಮಾತು ಬಂದರೆ, ಮದುವೆಯ ಮಂಟಪದಲ್ಲಿ ವರನ ಕಣ್ಣಿಗಷ್ಟೇ ಕಾಣುವ ಭಯಾನಕ ರೂಪಗಳು ತೀರಾ ಚಿಕ್ಕವರನ್ನು ಒಂದು ಕ್ಷಣ ಬೆಚ್ಚಿಸಬಹುದು. ಪಕ್ಕದಲ್ಲಿ ದೊಡ್ಡವರು ನಗುತ್ತಿದ್ದರೆ ಅವರೂ ನಗುತ್ತಾರೆ.

ಕಾಲ ಸರಿದಂತೆ ಕೆಲವು ಸಂಗತಿಗಳು ನಮ್ಮನ್ನು ನಿಲ್ಲಿಸಿ ಕೇಳುತ್ತವೆ. ಶಶಿರೇಖೆಯ ಮದುವೆಯನ್ನು ಎಲ್ಲರೂ ನಿಶ್ಚಯಿಸುತ್ತಾರೆ, ಅವಳನ್ನು ಯಾರೂ ಕೇಳುವುದಿಲ್ಲ. ಬಡತನ ಬಂದೊಡನೆ ಅತ್ತಿಗೆಗೆ ನಾದಿನಿ ಬೇಡವಾಗುತ್ತಾಳೆ. ಬಾಲ್ಯದಲ್ಲಿ ಇದ್ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ, ಈಗ ಬೀಳುತ್ತದೆ. ರೇವತಿಯ ಬಾಗಿಲಲ್ಲಿ ಸುಭದ್ರೆ ಅವಮಾನಗೊಂಡು ಹೊರಡುವ ದೃಶ್ಯವನ್ನು ಮಕ್ಕಳು ಆಟವಾಡುತ್ತಾ ಕಳೆಯುತ್ತಾರೆ, ಮನೆಯ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಾರೆ. ಹಾಸ್ಯದ ಅಡಿಯಲ್ಲಿ ಈ ನೋವು ಇದ್ದದ್ದರಿಂದಲೇ ಆಮೇಲಿನ ಸೇಡು ಅಷ್ಟು ರುಚಿಸುತ್ತದೆ. 2013ರಲ್ಲಿ ಭಾರತೀಯ ಚಿತ್ರರಂಗದ ಶತಮಾನೋತ್ಸವದ ಹೊತ್ತಿಗೆ ಸಿಎನ್‌ಎನ್-ಐಬಿಎನ್ ವಾಹಿನಿ ನಡೆಸಿದ ಮತದಾನದಲ್ಲಿ ಜನ ಈ ಚಿತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಮಾಯೆಗಿಂತ ಹೆಚ್ಚಾಗಿ ಈ ಕುಟುಂಬದ ಕಥೆಯೇ ಅವರ ಕೈ ಹಿಡಿದಿರಬೇಕು ಎಂದು ನನ್ನ ನಂಬಿಕೆ.

ಯಾವ ಪ್ರತಿಯನ್ನು ಹಾಕಿದರೂ ಟಿವಿಯ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ. ಹಳೆಯ ಚಿತ್ರವನ್ನು ಪರದೆ ತುಂಬುವಂತೆ ಎಳೆದರೆ ಸಾವಿತ್ರಿಯವರ ಮುಖ ಅಗಲವಾಗುತ್ತದೆ, ರಂಗರಾವ್ ಗಿಡ್ಡವಾಗುತ್ತಾರೆ. ಎರಡೂ ಬದಿಗೆ ಕಪ್ಪು ಪಟ್ಟಿ ಇರಲಿ, ಮೂಲದ ಅಳತೆಯಲ್ಲೇ ನೋಡಿ. ಚಲನೆಯನ್ನು ನುಣುಪಾಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ. ಅದು ಫಿಲ್ಮ್‌ನ ಸಹಜ ಚಲನೆಯನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಧ್ವನಿ ಹಳೆಯದಾದ್ದರಿಂದ ಮಾತು ಸ್ಪಷ್ಟವಾಗಿ ಕೇಳುವ ಆಯ್ಕೆಯನ್ನು ಹಾಕಿಕೊಂಡರೆ ಪದ್ಯಗಳು ಚೆನ್ನಾಗಿ ಕೇಳಿಸುತ್ತವೆ.

ಚಿತ್ರ ಮುಗಿದ ಮೇಲೂ ಈ ಕಥೆಯ ರುಚಿ ಹಿಡಿದವರಿಗೆ ಇನ್ನೆರಡು ದಾರಿಗಳಿವೆ. 1885ರಲ್ಲಿ ಕಡಪ ಜಿಲ್ಲೆಯಲ್ಲಿ ಹುಟ್ಟಿದ ಸುರಭಿ ನಾಟಕ ಪರಂಪರೆಯವರು ಇಂದಿಗೂ ‘ಮಾಯಾಬಜಾರ್’ ಆಡುತ್ತಾರೆ, ರಂಗದ ಮೇಲೆಯೇ ಮಾಯೆಯನ್ನು ತೋರಿಸುತ್ತಾರೆ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಇದೇ ಕಥೆ ‘ಕನಕಾಂಗಿ ಕಲ್ಯಾಣ’ ಎಂಬ ಪ್ರಸಂಗವಾಗಿದೆ. ಅಲ್ಲಿ ಬಲರಾಮನ ಮಗಳು ಕನಕಾಂಗಿ, ಘಟೋತ್ಕಚನೇ ಮಾಯಾ ಕನಕಾಂಗಿ. ಸಾವಿತ್ರಿಯವರು ಕ್ಯಾಮೆರಾ ಮುಂದೆ ಮಾಡಿದ್ದನ್ನು ಒಬ್ಬ ಸ್ತ್ರೀವೇಷಧಾರಿ ಚೆಂಡೆಯ ಪೆಟ್ಟಿಗೆ, ನಮ್ಮ ಎದುರಲ್ಲೇ, ಆಶು ಮಾತಿನಲ್ಲಿ ಮಾಡಿ ತೋರಿಸುತ್ತಾನೆ. ನಿಮ್ಮೂರಿನ ಹತ್ತಿರ ಮೇಳ ಬಂದು ಆ ಪ್ರಸಂಗವಿದ್ದರೆ ಮಕ್ಕಳನ್ನು ಮಧ್ಯಾಹ್ನವೇ ಮಲಗಿಸಿ, ರಾತ್ರಿ ಕರೆದುಕೊಂಡು ಹೋಗಿ.